ಮಳೆಯ ರಾತ್ರಿ ಅವನು ಇಳಿದು ಬರುವುದಿಲ್ಲ

ನನ್ನ ಕಾದಂಬರಿಯ ನಾಯಕ ಕಲ್ಲಿನವನು. ಹಗಲೆಲ್ಲ ಕಾಸರಗೋಡು ಪೇಟೆಯ ಒಂದು ಹಳೇ ಬಂಗಲೆಯ ತಾರಸಿ ಅಂಚಿನಲ್ಲಿ ಕೂತಿರುತ್ತಾನೆ. ರಾತ್ರಿ ರೆಕ್ಕೆ ಕೊಡವಿ ಇಳಿದು ಬರುತ್ತಾನೆ. ಕೆಳಗಿನ ಮೆಡಿಕಲ್ ಶಾಪಿನಲ್ಲಿ ರಾತ್ರಿ ಪಾಳಿ ಮಾಡುವ ಹುಡುಗಿ ಅವನಿಗೆ ಇಷ್ಟ. ಅವನೊಬ್ಬ ಗಾರ್ಗಾಯ್ಲ್, ಅಂದರೆ ಯುರೋಪಿನ ಚರ್ಚುಗಳ ಮಾಡಿನ ಅಂಚಿನಲ್ಲಿ ಇರುವ ವಿಚಿತ್ರ ಪ್ರಾಣಿಯಂಥ ಕಲ್ಲಿನ ಮೂರ್ತಿ. ಅದು ನಮ್ಮೂರಿಗೆ ಬಂದದ್ದು ಹೇಗೆ? ಕೇರಳ ಕರಾವಳಿಯ ಮಾಹೆಯಲ್ಲಿ ಫ್ರೆಂಚರು 1954ರವರೆಗೂ ಇದ್ದರಲ್ಲ, ಅಲ್ಲಿ ವ್ಯಾಪಾರ ಮಾಡುತ್ತಿದ್ದ ಸಾಹುಕಾರನೊಬ್ಬ ಹಡಗಿನಲ್ಲಿ ತರಿಸಿದ ಅಂತ ಕಥೆ ಕಟ್ಟಿದೆ.

ಮೊದಲ ಕರಡು ಮುಗಿದ ಮೇಲೆ ಆರು ಪ್ರತಿ ತೆಗೆಸಿ ಆರು ಜನರಿಗೆ ಕೊಟ್ಟೆ. ಜೊತೆಗೆ ಒಂದೊಂದು ಪೆನ್ಸಿಲ್. 'ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳಬೇಡಿ. ಓದುತ್ತಾ ಎಲ್ಲಿ ಕೆಳಗಿಡಬೇಕು ಅನಿಸಿತೋ ಅಲ್ಲಿ ಗೆರೆ ಎಳೆಯಿರಿ' ಅಂದೆ. ಹೀಗೆ ಕೇಳಿದ್ದು ಒಳ್ಳೇದಾಯ್ತು. ಅಭಿಪ್ರಾಯ ಕೇಳಿದರೆ ಜನ ನಮ್ಮ ಮುಖ ನೋಡಿ ಮಾತಾಡುತ್ತಾರೆ. ಗೆರೆ ಹಾಗಲ್ಲ.

ಕಲ್ಲು ಪ್ರೀತಿ ಮಾಡುತ್ತದೆ ಅಂದರೆ ಯಾರು ನಂಬುತ್ತಾರೆ ಅನ್ನುವುದೇ ನನ್ನ ಭಯವಾಗಿತ್ತು. ಅಲ್ಲಿ ಒಂದು ಗೆರೆಯೂ ಬೀಳಲಿಲ್ಲ! ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರಲ್ಲಿ ತೀರಿಕೊಂಡಾಗ ಜನ ಬಂದು ಕೈಮುಗಿದು ಕಳಿಸಿಕೊಟ್ಟ ಊರು ನಮ್ಮದು. ಇಲ್ಲಿ ಕಲ್ಲಿಗೂ ಮನಸ್ಸುಂಟು ಅಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಗೆರೆ ಬಿದ್ದದ್ದು ಬೇರೆ ಕಡೆ. ಹುಡುಗಿ ಅವನ ಮುಂದೆ ದೀಪ ಇಟ್ಟು, ಎಲೆಯಲ್ಲಿ ಅವಲಕ್ಕಿ ಬಡಿಸುವ ಒಂದು ದೃಶ್ಯ ಬರೆದಿದ್ದೆ. ದೊಡ್ಡಪ್ಪ ಅಲ್ಲಿ ದಪ್ಪ ಗೆರೆ ಎಳೆದು, 'ಇವನು ದೈವವಾ? ದೈವವಾದರೆ ಪ್ರೀತಿ ಬೇಡ. ಪ್ರೀತಿ ಬೇಕಾದರೆ ದೀಪ ತೆಗೆ' ಅಂತ ಬರೆದಿದ್ದರು. ಎರಡು ದಿನ ಬೇಜಾರಾಗಿತ್ತು. ಆಮೇಲೆ ಅವರು ಹೇಳಿದ್ದು ಸರಿ ಅನಿಸಿತು. ದೈವ ಮೈಮೇಲೆ ಬರುವ ಕೋಲದ ಕಳದಲ್ಲಿ ನಿಂತು ಜನ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಆ ನಂಬಿಕೆಯನ್ನು ನನ್ನ ನಾಯಕನ ಅಂದ ಹೆಚ್ಚಿಸಲು ಎರವಲು ತರುವುದು ತಪ್ಪು. ದೀಪ ತೆಗೆದೆ. ಈಗ ಅವಳು ಅವನಿಗೆ ಕಟ್ಟಂಚಾಯ, ಅಂದರೆ ಹಾಲಿಲ್ಲದ ಚಹಾ ಕೊಡುತ್ತಾಳೆ.

ಸೋದರತ್ತೆಯ ಗೆರೆ ಇಡೀ ಕಾದಂಬರಿಯನ್ನೇ ತಿರುಗಿಸಿತು. ಜುಲೈ ತಿಂಗಳ ಜಡಿಮಳೆಯಲ್ಲಿ ಇಬ್ಬರೂ ಮೊದಲ ಸಲ ಕೈ ಹಿಡಿಯುವ ಪುಟ ಅದು. ನಾನು ತುಂಬಾ ಇಷ್ಟಪಟ್ಟು ಬರೆದದ್ದು. ಅತ್ತೆ ಅಲ್ಲಿ ನಿಂತರು. 'ಅಲ್ಲ ಮಾರಾಯ್ತಿ, ಅವನು ಇಳಿದು ಬಂದರೆ ತಾರಸಿಯ ನೀರು ಎಲ್ಲಿಗೆ ಹೋಗುವುದು?'

ನನ್ನಲ್ಲಿ ಉತ್ತರ ಇರಲಿಲ್ಲ. ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತ ಆ ಪ್ರಸಿದ್ಧ ಮೂರ್ತಿಯ ಫೋಟೋ ನೋಡಿ ನಾಯಕನನ್ನು ಮಾಡಿಕೊಂಡಿದ್ದೆ. ಸರಿಯಾಗಿ ಓದಿದಾಗ ಗೊತ್ತಾಯ್ತು, ಅದು ಗಾರ್ಗಾಯ್ಲೇ ಅಲ್ಲ. 19ನೇ ಶತಮಾನದ ರಿಪೇರಿಯಲ್ಲಿ ಅಂದಕ್ಕೆಂದು ಕೂರಿಸಿದ್ದು. ನಿಜವಾದ ಗಾರ್ಗಾಯ್ಲ್ ಅಂದರೆ ನೀರಿನ ದಾರಿ. ಹೆಸರು ಬಂದದ್ದೇ ಗಂಟಲು ಎಂಬ ಅರ್ಥದ ಫ್ರೆಂಚ್ ಮಾತಿನಿಂದ. ಬೆನ್ನಿನ ಮೇಲೆ ಕಾಲುವೆ ಕೊರೆದಿರುತ್ತದೆ. ಮಾಡಿನ ನೀರು ಅದರಲ್ಲಿ ಹರಿದು ಬಾಯಿಯಿಂದ ದೂರಕ್ಕೆ ಚಿಮ್ಮುತ್ತದೆ. ಇಲ್ಲದಿದ್ದರೆ ನೀರು ಗೋಡೆ ಮೇಲೇ ಇಳಿದು ಕಲ್ಲುಗಳ ನಡುವಿನ ಗಾರೆ ತಿಂದುಬಿಡುತ್ತದೆ. ನಮ್ಮ ದೇವಸ್ಥಾನಗಳಲ್ಲಿ ಅಭಿಷೇಕದ ನೀರು ಬೀಳುವ ಗೋಮುಖ ನೋಡಿದ್ದೀರಲ್ವಾ? ಹೆಚ್ಚುಕಮ್ಮಿ ಅದೇ ಕೆಲಸ.

ಅತ್ತೆಗೆ ಇದು ಪುಸ್ತಕ ಓದದೇ ಗೊತ್ತು. ಮಾಡಿನ ನೀರು ಹರಿದು ಹೋಗಲು ಅಡಿಕೆ ಮರ ಸೀಳಿ ಮಾಡಿದ ದಂಬೆ ಒಂದು ರಾತ್ರಿ ಜಾರಿ ಬಿದ್ದು, ಬೆಳಗಾಗುವಷ್ಟರಲ್ಲಿ ಅವರ ಮನೆಯ ಮಣ್ಣಿನ ಗೋಡೆ ಕುಸಿದಿತ್ತಂತೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ನೀರು ಹೊರಗೆ ಹಾಕುವವನು ಜಾಗ ಬಿಟ್ಟರೆ ಮನೆ ಉಳಿಯುವುದಿಲ್ಲ.

ಹಾಗಾಗಿ ಮೊದಲಿನಿಂದ ಬರೆದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವನು ಇಳಿಯುವ ಹಾಗಿಲ್ಲ. ಇಳಿದರೆ ಅವಳು ಕೆಲಸ ಮಾಡುವ ಅಂಗಡಿಯೇ ಮುಳುಗುತ್ತದೆ. ಬಾಯಿ ತುಂಬ ನೀರು, ಹಾಗಾಗಿ ಮಾತೂ ಇಲ್ಲ. ಅವಳು ಕೊಡೆ ಹಿಡಿದು ರಸ್ತೆಯಲ್ಲಿ ನಿಂತು ಮೇಲೆ ನೋಡುತ್ತಾಳೆ. ಅವನ ಬಾಯಿಂದ ಬಿದ್ದ ನೀರು ಅವಳ ಕಾಲ ಹತ್ತಿರ ಹರಿದು ಚರಂಡಿಗೆ ಹೋಗುತ್ತದೆ. ಮಳೆಗಾಲದ ವಿರಹ ನಮ್ಮ ಹಾಡು ಕಾವ್ಯಗಳಲ್ಲಿ ಬೇಕಾದಷ್ಟಿದೆ, ಆದರೆ ಇದು ಅವನ ಕೆಲಸದಿಂದಲೇ ಹುಟ್ಟಿದ ವಿರಹ. ನಾನಾಗಿ ಕೂತು ಯೋಚಿಸಿದ್ದರೆ ಹೊಳೆಯುತ್ತಿರಲಿಲ್ಲ.

ಮುತ್ತಿನ ದೃಶ್ಯಕ್ಕೆ ಬಂದ ಗೆರೆ ಮಂಗಳೂರಿನಲ್ಲಿ ಓದುವ ತಂಗಿಯದ್ದು. 'ಬಾಯಲ್ಲಿ ಪಾಚಿ ಇರುವುದಿಲ್ವಾ ಅಕ್ಕಾ?' ಇರುತ್ತದೆ. ಈಗ ಆ ಪುಟದಲ್ಲಿ ಅವಳು ಮೊದಲು ಸೆರಗಿನ ತುದಿಯಿಂದ ಅವನ ತುಟಿಯ ಪಾಚಿ ಒರೆಸುತ್ತಾಳೆ. ಆರೂ ಜನ ಒಂದೇ ಉಸಿರಿಗೆ ಓದಿದ್ದು ಆ ಪುಟವನ್ನೇ.

ಎರಡನೇ ಕರಡಿನ ಕೊನೆಯಲ್ಲಿ ಅವಳೇ ಜಡಿಮಳೆಯಲ್ಲಿ ತಾರಸಿ ಹತ್ತಿ ಅವನ ಪಕ್ಕ ಕೂರುತ್ತಾಳೆ. ಅತ್ತೆ ಅಲ್ಲೂ ಒಂದು ಗೆರೆ ಎಳೆದು ಕಳಿಸಿದ್ದಾರೆ. 'ಮಳೆಗೆ ಏಣಿ ಜಾರುತ್ತದೆ. ಹತ್ತಿದ್ದು ಹೇಗೆ ಅಂತ ಬರೆ.' ಈ ವಾರ ಅದನ್ನೇ ಬರೆಯುತ್ತಿದ್ದೇನೆ. ಮೂರನೇ ಮೆಟ್ಟಿಲಲ್ಲಿ ಅವಳು ಚಪ್ಪಲಿ ಬಿಟ್ಟಿದ್ದಾಳೆ.