‘ಪುಟ್ಟ ಹಕ್ಕಿ ಹೇಳಿತು’: ಗುಟ್ಟು ಕಿವಿಗೆ ಬಿದ್ದ ಮಾತನ್ನು ಕನ್ನಡಕ್ಕೆ ತರುವ ಬಗೆ

ಇಂಗ್ಲಿಷ್ ಸೀರಿಯಲ್ಲಿನ ಒಂದು ಪಾತ್ರ ಗೆಳತಿಯನ್ನು ನೋಡಿ ಕಣ್ಣು ಮಿಟುಕಿಸಿ, ‘ಎ ಲಿಟಲ್ ಬರ್ಡ್ ಟೋಲ್ಡ್ ಮಿ’ ಅನ್ನುತ್ತದೆ. ಪರದೆಯ ಕೆಳಗೆ ಕನ್ನಡ ಸಬ್‌ಟೈಟಲ್‌ನಲ್ಲಿ ‘ಒಂದು ಪುಟ್ಟ ಹಕ್ಕಿ ನನಗೆ ಹೇಳಿತು’ ಅಂತ ಬರುತ್ತದೆ. ಒಂದೊಂದು ಪದವೂ ಸರಿ, ವಾಕ್ಯ ಮಾತ್ರ ತಪ್ಪು. ಓದುವವರಿಗೆ ಕಾಗಕ್ಕ ಗುಬ್ಬಕ್ಕನ ಕಥೆ ಶುರುವಾಯಿತೇನೋ ಅನ್ನಿಸುತ್ತದೆ. ನಿನ್ನ ಗುಟ್ಟು ನನಗೆ ಗೊತ್ತು, ಹೇಳಿದವರ ಹೆಸರು ಮಾತ್ರ ಬಿಟ್ಟುಕೊಡಲ್ಲ ಅನ್ನುವ ತುಂಟತನ ಎಲ್ಲೋ ಕಳೆದುಹೋಗಿರುತ್ತದೆ.

ನಿಘಂಟು ತೆಗೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು, ಆ ಮಾತು ಆ ಜಾಗದಲ್ಲಿ ಮಾಡುತ್ತಿರುವ ಕೆಲಸ ಏನು ಅಂತ ಬರೆದುಕೊಳ್ಳಿ. ಸಾಮಾನ್ಯವಾಗಿ ನಾಲ್ಕು ಸಿಗುತ್ತವೆ. ಸುದ್ದಿ ನಿಜ ಅಂತ ಹೇಳುವವರಿಗೆ ನಂಬಿಕೆಯಿದೆ. ಹೇಳಿಕೊಟ್ಟವರು ಯಾರು ಅಂತಲೂ ಗೊತ್ತಿದೆ. ಆ ಹೆಸರನ್ನು ಬೇಕಂತಲೇ ಮುಚ್ಚಿಡುತ್ತಿದ್ದಾರೆ. ಮುಚ್ಚಿಡುತ್ತಿರುವುದು ಕೇಳುವವರಿಗೂ ತಿಳಿಯಲಿ ಅನ್ನುವ ಆಸೆಯೂ ಇದೆ. ಈ ನಾಲ್ಕನೆಯದೇ ಮಾತಿನ ಜೀವ. ಹಕ್ಕಿ ಇರುವುದು ಅದನ್ನು ತೋರಿಸಲಿಕ್ಕೆ ಅಷ್ಟೇ. ಹಾಗಾಗಿ ದಾಟಿಸಬೇಕಾದ್ದು ಹಕ್ಕಿಯನ್ನಲ್ಲ, ಆ ಮುಚ್ಚಿಡುವಿಕೆಯನ್ನು.

ಬೇರೆ ಭಾಷೆಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್‌ನಲ್ಲಿ ಪುಟ್ಟ ಹಕ್ಕಿಯೇ ಬಂದು ಹೇಳುತ್ತದೆ. ಅಲ್ಲಿ ಪದಕ್ಕೆ ಪದ ಇಟ್ಟರೂ ನಡೆಯುತ್ತದೆ. ಜರ್ಮನ್‌ನಲ್ಲಿ ಹಕ್ಕಿ ‘ಹೇಳುವುದಿಲ್ಲ’, ‘ಚಿಲಿಪಿಲಿಗುಟ್ಟುತ್ತದೆ’; ಕ್ರಿಯಾಪದ ಬದಲಿಸದಿದ್ದರೆ ಅನುವಾದದ ವಾಸನೆ ಹೊಡೆಯುತ್ತದೆ. ತುರ್ಕಿಯಲ್ಲಿ ಒಂದು ಹಕ್ಕಿ ಸಾಲದು, ‘ಹಕ್ಕಿಗಳು ಹೇಳಿದವು’. ಈಜಿಪ್ಟಿನ ಆಡುಮಾತಿನ ಅರಬ್ಬಿಯಲ್ಲಿ ಅದು ಹೆಣ್ಣುಹಕ್ಕಿ. ಫ್ರೆಂಚರದು ‘ಮೋ ಪತಿ ದ್ವಾ ಮ ಲಾ ದಿ’, ಅಂದರೆ ನನ್ನ ಕಿರುಬೆರಳು ಹೇಳಿತು, ಹಕ್ಕಿಯೇ ಇಲ್ಲ. ರಷ್ಯನ್ನರಿಗೆ ಮ್ಯಾಗ್‌ಪೈ ಹಕ್ಕಿ ಸುದ್ದಿಯನ್ನು ‘ಬಾಲದ ಮೇಲೆ ಹೊತ್ತು ತಂದಿತು’. ‘ನಿನಗೆ ಹೇಗೆ ಗೊತ್ತಾಯ್ತು?’ ಅನ್ನುವ ಪ್ರಶ್ನೆಯನ್ನು ಜಾರಿಸುವ ಉತ್ತರವಾಗಿ ಅದು ಹೆಚ್ಚು ಬಳಕೆಯಲ್ಲಿದೆ, ಆದ್ದರಿಂದ ಮಾತು ಶುರುಮಾಡುವ ಕಡೆ ಇಡುವಾಗ ಸ್ವಲ್ಪ ಯೋಚಿಸಬೇಕು.

ಕೊರಿಯನ್ ಭಾಷೆಯಲ್ಲಿ ಎಡವಿ ಬೀಳುವಂಥ ಒಂದು ಗುಂಡಿಯಿದೆ. ‘ಹಗಲಿನ ಮಾತು ಹಕ್ಕಿ ಕೇಳುತ್ತದೆ, ರಾತ್ರಿಯ ಮಾತು ಇಲಿ ಕೇಳುತ್ತದೆ’ ಅನ್ನುವ ಗಾದೆ ಅಲ್ಲಿದೆ. ಹಕ್ಕಿಯೂ ಇದೆ, ಗುಟ್ಟೂ ಇದೆ, ಆದರೂ ಇದು ಪುಟ್ಟ ಹಕ್ಕಿಯ ಮಾತಿನ ಜೋಡಿಯಲ್ಲ. ಅದು ಎಚ್ಚರಿಕೆ, ಬಾಯಿ ಬಿಡುವ ಮುಂಚೆ ಹೇಳುವಂಥದ್ದು. ನಮ್ಮ ‘ಗೋಡೆಗೂ ಕಿವಿ ಇರುತ್ತೆ’ ಅದರ ಸರಿಯಾದ ಜೋಡಿ. ಗೋಡೆಯ ಮಾತು ಹಿಂದಿ, ತೆಲುಗು, ತಮಿಳು ಎಲ್ಲದರಲ್ಲೂ ಹಾಗೆಯೇ ಇದೆ, ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಚ್ಚರಿಕೆ ಬರುವುದು ಗುಟ್ಟು ಹೊರಬೀಳುವ ಮೊದಲು, ಪುಟ್ಟ ಹಕ್ಕಿ ಬರುವುದು ಗುಟ್ಟು ಹೊರಬಿದ್ದ ಮೇಲೆ. ಈ ಕಾಲದ ವ್ಯತ್ಯಾಸ ಹಿಡಿದರೆ ಅರ್ಧ ಗೊಂದಲ ತೀರುತ್ತದೆ.

ಇಂಗ್ಲಿಷ್ ಹಕ್ಕಿಯ ಹಳೆಯ ನೆಂಟನೂ ಎಚ್ಚರಿಕೆಯೇ ಹೇಳುತ್ತಿತ್ತು. ಬೈಬಲ್ಲಿನ ಪ್ರಸಂಗಿ 10ನೇ ಅಧ್ಯಾಯದ 20ನೇ ವಚನದ ಸಾರ ಇಷ್ಟು: ಅರಸನನ್ನು ಮನಸ್ಸಿನಲ್ಲೂ ಶಪಿಸಬೇಡ, ಸಿರಿವಂತನನ್ನು ಮಲಗುವ ಕೋಣೆಯಲ್ಲೂ ಶಪಿಸಬೇಡ, ಆಕಾಶದ ಹಕ್ಕಿ ಆ ಮಾತನ್ನು ಒಯ್ದು ಮುಟ್ಟಿಸೀತು. ಈ ನೆರಳು ಇವತ್ತಿಗೂ ಪೂರ್ತಿ ಹೋಗಿಲ್ಲ. ಗ್ಯಾಂಗಿನ ಯಜಮಾನ ತನ್ನವನ ಭುಜದ ಮೇಲೆ ಕೈಯಿಟ್ಟು ಇದೇ ವಾಕ್ಯ ಹೇಳಿದರೆ ಅದು ಬೆದರಿಕೆ. ಅಲ್ಲಿ ‘ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?’ ಅಂತಲೇ ಬರೆಯಿರಿ.

ಇನ್ನು ಕನ್ನಡಕ್ಕೆ ಬರೋಣ. ಇಂಗ್ಲಿಷಿಗೆ ಇಲ್ಲದ ಒಂದು ಸಾಧನ ನಮ್ಮಲ್ಲಿದೆ: ‘ಅಂತೆ’. ‘ಮದುವೆ ಗೊತ್ತಾಗಿದೆ’ ಅಂದರೆ ನನಗೆ ನೇರವಾಗಿ ತಿಳಿದ ವಿಷಯ. ‘ಮದುವೆ ಗೊತ್ತಾಗಿದೆಯಂತೆ!’ ಅಂದರೆ ಯಾರೋ ಹೇಳಿದ್ದು ನನಗೆ ಮುಟ್ಟಿದೆ. ಹೇಳಿದವರು ಯಾರು ಅನ್ನುವುದು ಆ ಎರಡು ಅಕ್ಷರದ ಹಿಂದೆ ಅಡಗಿ ಕೂತಿದೆ. ಇಂಗ್ಲಿಷಿನವರು ಹಕ್ಕಿಯನ್ನು ಕರೆಸಿ ಮಾಡುವ ಕೆಲಸವನ್ನು ನಾವು ವ್ಯಾಕರಣದಲ್ಲೇ ಮುಗಿಸುತ್ತೇವೆ. ಧಾರವಾಡದ ಕಡೆ ಇದು ‘ಅಂತ’ ಆಗುತ್ತದೆ, ‘ಲಗ್ನಾ ಅದಂತ’. ಮಂಗಳೂರಿನ ಕಡೆ ‘ಮದುವೆ ಉಂಟಂತೆ’. ಪಾತ್ರ ಯಾವ ಊರಿನದು ಅಂತ ನೋಡಿ ಆರಿಸಿ.

ಆದರೆ ‘ಅಂತೆ’ ಒಂದೇ ಸಾಲದು. ಅದಕ್ಕೆ ಎರಡು ಕೊರತೆಗಳಿವೆ. ಒಂದು, ಅದು ಸುದ್ದಿಯ ಹೊಣೆ ಹೊರುವುದಿಲ್ಲ. ‘ಅಂತೆ ಕಂತೆ’ ಅಂತ ನಾವೇ ಅದನ್ನು ಹಗುರ ಮಾಡಿದ್ದೇವೆ. ಇನ್ನೊಂದು, ಹೆಸರನ್ನು ಬೇಕಂತಲೇ ಮುಚ್ಚಿಡುತ್ತಿದ್ದೇನೆ ಅನ್ನುವುದನ್ನು ಅದು ಎತ್ತಿ ಹೇಳುವುದಿಲ್ಲ. ಹಾಗಾಗಿ ಪಕ್ಕಕ್ಕೆ ಒಂದು ಸಣ್ಣ ಬಾಲ ಬೇಕು. ತಂಗಿಯಂಥವಳಿಗೆ: ‘ಏನೇ, ಮದುವೆ ಗೊತ್ತಾಗಿದೆಯಂತೆ! ಯಾರು ಹೇಳಿದ್ರು ಅಂತ ಮಾತ್ರ ಕೇಳ್ಬೇಡ.’ ಮೇಲಧಿಕಾರಿಗೆ: ‘ಪ್ರಮೋಷನ್ ಆಯ್ತಂತೆ ಸಾರ್, ನಮಗೂ ಸುದ್ದಿ ಮುಟ್ಟುತ್ತೆ.’ ಅತ್ತೆಗೆ: ‘ಇವತ್ತು ನಿಮ್ಮ ಹುಟ್ಟಿದಹಬ್ಬ ಅಂತೆ ಅತ್ತೆ, ಹೇಗೋ ಗೊತ್ತಾಯ್ತು ಬಿಡಿ.’ ಬಾಲ ಸುದ್ದಿಯ ಹಿಂದೆ ಬಂದರೇ ಚೆಂದ. ಇಂಗ್ಲಿಷಿನಲ್ಲಿ ಹಕ್ಕಿ ಮೊದಲು ಬರುತ್ತದೆ ಅಂತ ಕನ್ನಡದಲ್ಲೂ ಬಾಲವನ್ನು ಮುಂದಿಟ್ಟರೆ ಮಾತು ಜಗ್ಗುತ್ತದೆ.

ಡಬ್ಬಿಂಗ್‌ನಲ್ಲಿ ಲೆಕ್ಕವೇ ಬೇರೆ, ತುಟಿ ನೋಡಬೇಕು. ಇಂಗ್ಲಿಷ್ ವಾಕ್ಯ ಆರು ಉಸಿರಿನದು: ಎ, ಲಿ, ಟಲ್, ಬರ್ಡ್, ಟೋಲ್ಡ್, ಮಿ. ನಾಲ್ಕನೆಯದರಲ್ಲಿ ಬಕಾರಕ್ಕೆ, ಆರನೆಯದರಲ್ಲಿ ಮಕಾರಕ್ಕೆ ತುಟಿ ಮುಚ್ಚುತ್ತದೆ. ‘ಒಂದು ಪುಟ್ಟ ಹಕ್ಕಿ ನನಗೆ ಹೇಳಿತು’ ಹನ್ನೆರಡು ಅಕ್ಷರ, ಸರಿಯಾಗಿ ಎರಡು ಪಟ್ಟು. ಅದನ್ನು ತುಂಬಿಸಲು ಹೋದರೆ ಕಲಾವಿದರು ಓಡುತ್ತಾ ಮಾತಾಡಬೇಕಾಗುತ್ತದೆ. ‘ಕಿವಿಗೆ ಬಿತ್ತಮ್ಮ’ ಬರೆದು ನೋಡಿ: ಕಿ, ವಿ, ಗೆ, ಬಿ, ತ್ತ, ಮ್ಮ. ಆರೇ ಅಕ್ಷರ, ನಾಲ್ಕನೆಯದರಲ್ಲಿ ಬ, ಆರನೆಯದರಲ್ಲಿ ಮ. ಎದುರಿಗಿರುವುದು ಗಂಡಸಾದರೆ ‘ಕಿವಿಗೆ ಬಿತ್ತಪ್ಪ’. ಪಕಾರಕ್ಕೂ ತುಟಿ ಮುಚ್ಚುತ್ತದೆ. ಇಂಥದ್ದು ಸಿಕ್ಕಾಗ ಹಕ್ಕಿ ಹೋಯಿತಲ್ಲ ಅನ್ನುವ ಕೊರಗು ಉಳಿಯುವುದಿಲ್ಲ.

ಕೆಲವು ಪದಗಳು ಕೈಗೆ ಬೇಗ ಸಿಗುತ್ತವೆ, ಸಿಕ್ಕಷ್ಟೇ ಬೇಗ ಕೆಲಸ ಕೆಡಿಸುತ್ತವೆ. ‘ಗಾಳಿಸುದ್ದಿ’ ಅಂದ ಕೂಡಲೇ ಸುದ್ದಿ ಸುಳ್ಳಾಗುತ್ತದೆ. ‘ಬಲ್ಲ ಮೂಲಗಳಿಂದ ತಿಳಿದುಬಂದಿದೆ’ ಪತ್ರಿಕೆಯ ಭಾಷೆ, ಅಡುಗೆಮನೆಯ ಮಾತಿಗೆ ಒಗ್ಗದು. ‘ಕಿವಿ ಕಚ್ಚಿದರು’, ‘ಚಾಡಿ ಹೇಳಿದರು’ ಅಂದರೆ ಪ್ರೀತಿಯಿಂದ ಸುದ್ದಿ ಮುಟ್ಟಿಸಿದವರು ಕೆಟ್ಟವರಾಗುತ್ತಾರೆ. ಮುಂದಿನ ದೃಶ್ಯದಲ್ಲಿ ಅವರ ಹೆಸರು ಹೊರಬಂದಾಗ ಕಥೆಯೇ ವಾಲುತ್ತದೆ. ‘ಕರ್ಣಪಿಶಾಚಿ’ ಗುಟ್ಟನ್ನು ಕಿವಿಯಲ್ಲಿ ಉಸುರುವುದೇನೋ ನಿಜ, ಆದರೆ ಅದಕ್ಕೆ ಮಾಟಮಂತ್ರದ ನಂಟಿದೆ.

ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸುವುದು ಹಾಲಕ್ಕಿ. ನಮ್ಮಲ್ಲೂ ಮಾತಾಡುವ ಹಕ್ಕಿಯಿದೆಯಲ್ಲ, ‘ಹಾಲಕ್ಕಿ ನುಡೀತು’ ಅನ್ನಬಾರದೇ? ಬೇಡ. ಬೆಳಗಾಗುವ ಮೊದಲು ಬುಡಬುಡಿಕೆಯವರು ಕೇಳಿಸಿಕೊಂಡು ಬಂದು ಬಾಗಿಲಲ್ಲಿ ಹೇಳುವ ಹಾಲಕ್ಕಿಯ ನುಡಿ ಮುಂದೆ ಆಗುವುದರ ಬಗ್ಗೆ. ಮನೆ ಮುಂದೆ ಕಾಗೆ ಕೂಗಿದರೂ ಹಾಗೇ, ನೆಂಟರು ಇನ್ನು ಬರಬೇಕು. ಕನ್ನಡದ ಹಕ್ಕಿಗಳು ಶಕುನ ನುಡಿಯುತ್ತವೆ, ಆಗಿಹೋದದ್ದನ್ನು ತಂದು ಒಪ್ಪಿಸುವುದಿಲ್ಲ. ಬಸುರಿಯಾದ ಸುದ್ದಿಗೆ ‘ಹಾಲಕ್ಕಿ ನುಡೀತು’ ಅಂತ ಬರೆದರೆ ಅದು ಭವಿಷ್ಯವಾಗಿಬಿಡುತ್ತದೆ.

ಹಕ್ಕಿಯನ್ನು ಉಳಿಸಲೇಬೇಕಾದ ಜಾಗಗಳೂ ಉಂಟು. ಕೇಳುವುದು ಮಗುವಾದರೆ ‘ಗುಬ್ಬಚ್ಚಿ ಬಂದು ಹೇಳ್ತು, ನೀನು ಹಾಲು ಕುಡೀಲಿಲ್ವಂತೆ’ ಸೊಗಸಾಗಿ ಒಪ್ಪುತ್ತದೆ. ಚಿತ್ರದಲ್ಲಿ ಹಕ್ಕಿ ಕಾಣುತ್ತಿದ್ದರೆ, ಅಥವಾ 2023ರ ಜುಲೈನಲ್ಲಿ ಎಕ್ಸ್ ಆಗಿ ಬದಲಾಗುವವರೆಗೆ ನೀಲಿ ಹಕ್ಕಿ ಹೊತ್ತಿದ್ದ ಟ್ವಿಟ್ಟರ್‌ನ ಮೇಲೆ ಕಟ್ಟಿದ ಪದದಾಟವಿದ್ದರೆ, ಹಕ್ಕಿ ಬೇಕೇ ಬೇಕು. ಆಗ ‘ಒಂದು ಪುಟ್ಟ’ ಬಿಟ್ಟು ‘ಯಾವುದೋ ಹಕ್ಕಿ ಕಿವೀಲಿ ಉಸುರ್ತು’ ಅನ್ನಿ. ‘ಒಂದು’ ಅಂದರೆ ಕಥೆ ಹೇಳಿದಂತೆ, ‘ಯಾವುದೋ’ ಅಂದರೆ ಹೆಸರು ಮುಚ್ಚಿಟ್ಟಂತೆ.

ಬರೆದ ಮೇಲೆ, ಮೂಲ ಓದದ ಒಬ್ಬರಿಗೆ ಆ ಮಾತನ್ನೂ ಅದರ ಹಿಂದುಮುಂದಿನ ಎರಡು ಸಾಲನ್ನೂ ಕೊಟ್ಟು ಕೇಳಿ: ಸುದ್ದಿ ನಿಜವೋ ಸುಳ್ಳೋ? ಯಾರು ಹೇಳಿದ್ದು ಅಂತ ಈ ಮಾತಾಡುತ್ತಿರುವವರಿಗೆ ಗೊತ್ತೋ ಇಲ್ಲವೋ? ಇವರು ಕೀಟಲೆ ಮಾಡುತ್ತಿದ್ದಾರೋ ಹೆದರಿಸುತ್ತಿದ್ದಾರೋ? ಮೊದಲನೆಯದಕ್ಕೆ ‘ಸುಳ್ಳಿರಬೇಕು’ ಅಂದರೆ ‘ಅಂತೆ’ಗೆ ಬಾಲ ಸಾಲಲಿಲ್ಲ. ಎರಡನೆಯದಕ್ಕೆ ‘ಅವರಿಗೆ ಗೊತ್ತಿಲ್ಲ’ ಅಂದರೆ ಬರೀ ‘ಯಾರೋ’ ಅಂತ ಬಿಟ್ಟಿದ್ದೀರಿ, ‘ಕೇಳ್ಬೇಡ’ ಸೇರಿಸಿ. ಮೂರನೆಯದರಲ್ಲಿ ತಪ್ಪಿದರೆ ವಾಕ್ಯ ತಿದ್ದುತ್ತಾ ಕೂರಬೇಡಿ. ಸಂಬೋಧನೆ ನೋಡಿ, ‘ಏನೇ’, ‘ಅಮ್ಮ’, ‘ಸಾರ್’ ಯಾವುದೋ ಒಂದು ಬಿಟ್ಟುಹೋಗಿರುತ್ತದೆ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಪ್ರತಿ ‘ಅಂತೆ’ಗೂ ಹಕ್ಕಿ ಹಾರಿಸಬೇಡಿ. ದಿನಕ್ಕೆ ನೂರು ಸಲ ಆಡುವ ಮಾತದು. ಹೆಚ್ಚಿನ ಕಡೆ ‘ಐ ಹಿಯರ್’ ಸಾಕು. ‘ಯಾರು ಹೇಳಿದ್ರು ಅಂತ ಕೇಳ್ಬೇಡ’ ಅನ್ನುವ ಬಾಲ ಕನ್ನಡದಲ್ಲೇ ಇದ್ದರೆ, ಅಲ್ಲಿ ಹಕ್ಕಿಯನ್ನು ಕರೆಯಿರಿ.