ಅಜ್ಜಿಯ ತಮ್ಮನ ಹೆಸರನ್ನು ಹುಡುಕಿದ ಬಗೆ

ನನ್ನ ಅಜ್ಜಿಯ ತಮ್ಮ ಎರಡನೇ ಮಹಾಯುದ್ಧದಲ್ಲಿ, 1944ರ ಏಪ್ರಿಲ್ ತಿಂಗಳಿನಲ್ಲಿ, ಇಂಫಾಲದ ಆಚೆಯ ಬೆಟ್ಟಗಳ ಮೇಲೆ ಹರಿಕೇನ್ ಯುದ್ಧವಿಮಾನ ಹಾರಿಸುತ್ತಿದ್ದಾಗ ತೀರಿಕೊಂಡರು. ಆಗ ಅವರಿಗೆ 22 ವರ್ಷ. ಸಖರಾಯಪಟ್ಟಣದ ಬಳಿಯ ನಮ್ಮ ಊರಿಗೆ ಮೊದಲು ಬಂದ ತಂತಿಯಲ್ಲಿ ‘ಕಾಣೆಯಾಗಿದ್ದಾರೆ’ ಎಂದಷ್ಟೇ ಇತ್ತು. ತಿಂಗಳುಗಳು ಕಳೆದ ಮೇಲೆ ಬಂದ ಕಾಗದ ‘ಮೃತರೆಂದು ಭಾವಿಸಲಾಗಿದೆ’ ಎಂದಿತು. ಮಗ ಬಂದೇ ಬರುತ್ತಾನೆಂದು ನಂಬಿದ್ದ ಮುತ್ತಜ್ಜ ಶ್ರಾದ್ಧ ಮಾಡಲು ಒಪ್ಪಲಿಲ್ಲ. ಕಾಗದಗಳನ್ನು ಗೆದ್ದಲು ತಿಂದಿತು, ದಿನಾಂಕ ಮರೆತುಹೋಯಿತು. ಅಜ್ಜಿ ಮಾತ್ರ ಪ್ರತಿವರ್ಷ ಪಿತೃಪಕ್ಷದಲ್ಲಿ, ಆಯುಧದಿಂದ ಮಡಿದವರಿಗೆಂದೇ ಮೀಸಲಾದ ಘಾತ ಚತುರ್ದಶಿಯಂದು, ತಮ್ಮನ ಹೆಸರಿನಲ್ಲಿ ಎಡೆ ಇಡುತ್ತಿದ್ದರು.

ಚಿಕ್ಕಮಗಳೂರಿನಲ್ಲಿ ಇತಿಹಾಸದ ಅಧ್ಯಾಪಕನಾಗಿದ್ದ ನಾನು ನಿವೃತ್ತನಾದ ಮೇಲೆ ಅವರಿಗೊಂದು ಸ್ಮಾರಕದ ಕಲ್ಲು ನಿಲ್ಲಿಸಬೇಕೆಂದು ನಿರ್ಧರಿಸಿದೆ. ಆದರೆ ಕಲ್ಲಿನ ಮೇಲೆ ಏನನ್ನು ಬರೆಯುವುದು ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರವಿರಲಿಲ್ಲ. ಉಳಿದಿದ್ದದ್ದು ಎರಡು ಭಾವಚಿತ್ರಗಳು. ಒಂದರ ಹಿಂದೆ ಬೇಗಂಪೇಟೆ, ಇನ್ನೊಂದರ ಹಿಂದೆ ಅಂಬಾಲಾ ಎಂದು ಅವರದೇ ಕೈಬರಹವಿತ್ತು. ಎರಡೂ ಆ ಕಾಲದಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಸ್ಥಳಗಳಾದ್ದರಿಂದ, ಅವರು ಕೇವಲ ನೆಲದ ಸಿಬ್ಬಂದಿಯಾಗಿರಲಿಲ್ಲ ಎಂಬುದಕ್ಕೆ ಅದೇ ಮೊದಲ ಆಧಾರವಾಯಿತು.

1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವು ಎರಡು ಮಹಾಯುದ್ಧಗಳಲ್ಲಿ ಮಡಿದವರ ಪಟ್ಟಿಯನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಅಲ್ಲಿ ನಾನು ವಾರಗಟ್ಟಲೆ ಹುಡುಕಿದರೂ ಅವರ ಹೆಸರು ಸಿಗಲಿಲ್ಲ. ಇಂಥ ಕೆಲಸಕ್ಕೆ ಕೈಹಾಕುವ ಕನ್ನಡಿಗರೆಲ್ಲರಿಗೂ ಎದುರಾಗುವ ತೊಡಕು ಇದೇ ಇರಬೇಕು. ನಮ್ಮ ಹೆಸರುಗಳ ಕೊನೆಯ ‘ಅಯ್ಯ’ ಒಂದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಮನೆತನದ ಹೆಸರನ್ನು ಕೇಳುವ ನಮೂನೆಯಲ್ಲಿ ನಮ್ಮವರು ಕೆಲವೊಮ್ಮೆ ತಂದೆಯ ಹೆಸರನ್ನೂ ಕೆಲವೊಮ್ಮೆ ಊರಿನ ಹೆಸರನ್ನೂ ತುಂಬಿದ್ದಾರೆ. ಜಿಲ್ಲೆಯ ಹೆಸರಿನಿಂದ ಹುಡುಕಿದಾಗಲೂ ನಾನು ಎಡವಿದೆ. ನಮ್ಮ ಜಿಲ್ಲೆಗೆ ಚಿಕ್ಕಮಗಳೂರು ಎಂಬ ಹೆಸರು ಬಂದದ್ದು 1947ರಲ್ಲಿ. ಅದಕ್ಕೆ ಮೊದಲು ಅದು ಕಡೂರು ಜಿಲ್ಲೆ. ಕಡೂರು, ಮೈಸೂರು ಎಂದು ಹುಡುಕಿದ ದಿನ ಅವರು ಸಿಕ್ಕರು, ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತು. ತಂದೆ ತಾಯಿಯ ಹೆಸರುಗಳು ಸರಿಯಾಗಿದ್ದವು. ದಿನಾಂಕವೂ ಇತ್ತು. ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಸಮಾಧಿಯಿಲ್ಲದ ವೈಮಾನಿಕರಾದ್ದರಿಂದ ಅವರ ಹೆಸರು ಸಿಂಗಪುರದ ಕ್ರಾಂಜಿಯಲ್ಲಿ, 1957ರಲ್ಲಿ ಅನಾವರಣಗೊಂಡ ಸ್ಮಾರಕದ ಸ್ತಂಭವೊಂದರ ಮೇಲಿದೆ. ಅಲ್ಲಿ 24,000ಕ್ಕೂ ಹೆಚ್ಚು ಹೆಸರುಗಳಿವೆ, ಮೇಲಿನ ಚಾವಣಿ ವಿಮಾನದ ರೆಕ್ಕೆಯ ಆಕಾರದಲ್ಲಿದೆ. 2019ರಲ್ಲಿ ದೆಹಲಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕವು ಸ್ವಾತಂತ್ರ್ಯಾನಂತರ ಮಡಿದ ಯೋಧರದು. ಆದ್ದರಿಂದ ಅಲ್ಲಿ ಅವರನ್ನು ಹುಡುಕಿ ಪ್ರಯೋಜನವಿಲ್ಲ.

ಅವರ ಸ್ಕ್ವಾಡ್ರನ್ನಿನ ದಿನಚರಿ ಪುಸ್ತಕದ ಎರಡು ಪುಟಗಳ ನಕಲು, ನಿವೃತ್ತ ಅಧಿಕಾರಿಯೊಬ್ಬರ ನೆರವಿನಿಂದ, ಕೆಲವು ತಿಂಗಳ ನಂತರ ಕೈಸೇರಿತು. ಇಂಫಾಲಕ್ಕೆ ಹೋಗುವ ರಸ್ತೆಯನ್ನು ಜಪಾನೀಯರು ಮಾರ್ಚ್ ಕೊನೆಯಲ್ಲಿ ಕಡಿದುಹಾಕಿದ್ದರು, ಅದು ಮತ್ತೆ ತೆರೆದದ್ದು ಜೂನ್ 22ರಂದು. ಅರ್ಜನ್ ಸಿಂಗ್ ನೇತೃತ್ವದ ಅವರ ದಳ, ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್, ಆ ಮುತ್ತಿಗೆಯಲ್ಲಿ ಅಲ್ಲಿಂದಲೇ ಹಾರುತ್ತಿತ್ತು. ಶತ್ರುವಿನ ಚಲನವಲನ ನೋಡಿಬರುವ ಹಾರಾಟಗಳಿಗೆ ಹರಿಕೇನ್‌ಗಳು ಜೋಡಿಯಾಗಿ ಹೋಗುತ್ತಿದ್ದವು. ಮುಂದಿನವನು ನೆಲವನ್ನು ನೋಡಿದರೆ ಎರಡನೆಯವನು ಅವನ ಬೆನ್ನು ಕಾಯುತ್ತಿದ್ದ. ಆ ದಿನ ನಮ್ಮವರು ಎರಡನೆಯವರು. ಹೊರಟ ಹೊತ್ತಿನ ಅಂಕಣದಲ್ಲಿ ಇಬ್ಬರಿಗೂ ಒಂದೇ ವೇಳೆ ಬರೆದಿದೆ, ಇಳಿದ ಹೊತ್ತಿನ ಅಂಕಣದಲ್ಲಿ ಒಂದೇ ವೇಳೆಯಿದೆ.

ಅವರು ಮೂರು ಜಪಾನಿ ವಿಮಾನಗಳನ್ನು ಉರುಳಿಸಿದರೆಂದು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೆವು. ಕಾಗದದಲ್ಲಿ ಅದರ ಸುಳಿವಿಲ್ಲ. ಕಲ್ಲಿನ ಮೇಲೆ ಅದನ್ನು ಬರೆಯಲೇಬೇಕೆಂದು ಬಂಧುಗಳು ಒತ್ತಾಯಿಸಿದಾಗ ನಾನು ಒಪ್ಪಲಿಲ್ಲ. ಕೊಡಗಿನ ಅಜ್ಜಮಾಡ ಬೊಪ್ಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿ ಮಡಿದರು; ಎದುರಾಳಿಗಳ ಕಡೆಯಿಂದಲೇ ವಿವರ ಹೊರಬಂದು, 20ಕ್ಕೂ ಹೆಚ್ಚು ವರ್ಷಗಳ ನಂತರ ಅವರಿಗೆ ಮಹಾವೀರ ಚಕ್ರ ಸಂದಿತು. ನಮ್ಮವರ ವಿಷಯದಲ್ಲೂ ಆಧಾರ ಸಿಕ್ಕರೆ ಇನ್ನೊಂದು ಸಾಲು ಕೆತ್ತಿಸಲು ಕಲ್ಲಿನ ಕೆಳಭಾಗದಲ್ಲಿ ಜಾಗ ಬಿಡಿಸಿದ್ದೇನೆ. ಸಂಗಾತಿಯ ಬೆನ್ನು ಕಾಯುತ್ತ ಸತ್ತ ಹುಡುಗನಿಗೆ ಸುಳ್ಳಿನ ಆಸರೆ ಬೇಕಿಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ.

ನಮ್ಮ ಸೀಮೆಗೆ ಇದು ಹೊಸ ಕೆಲಸವಲ್ಲ. ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವೇ ಹೋರಾಡಿದ ವೀರನಿಗೆ ಬಾಳ್ಗಳ್ಚಾಗಿ, ಎಂದರೆ ಖಡ್ಗ ತೊಳೆದು ಕೊಡುವ ದಾನವಾಗಿ, ಭೂಮಿ ಕೊಟ್ಟ ದಾಖಲೆ. ನಮ್ಮ ಕೆರೆಯ ಏರಿಯ ಮೇಲೂ ಒಂದು ವೀರಗಲ್ಲಿದೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೊಯ್ಯುವ ದೃಶ್ಯ, ಮೇಲೆ ಶಿವಲಿಂಗ. ಹೊಸ ಕಲ್ಲನ್ನು ಅದರ ಪಕ್ಕದಲ್ಲೇ ನಿಲ್ಲಿಸಿದೆವು. ಶಿಲ್ಪವಿಲ್ಲ, ಹೆಸರು, ತಂದೆ ತಾಯಿಯ ಹೆಸರು, ವಯಸ್ಸು, ದಿನಾಂಕ, ಇಂಫಾಲ, ಇಷ್ಟೇ. ಹೆಸರಿನ ಕಾಗುಣಿತವನ್ನು ಆಯೋಗದ ಪಟ್ಟಿಯಿಂದ ತೆಗೆದುಕೊಳ್ಳದೆ, ಊರಿನ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ಅವರ ಮೇಷ್ಟರು ಕನ್ನಡದಲ್ಲಿ ಬರೆದಿದ್ದಂತೆಯೇ ಕೆತ್ತಿಸಿದೆ.

ದಿನಾಂಕ ಸಿಕ್ಕ ಮೇಲೆ ಪುರೋಹಿತರು ಹಳೆಯ ಪಂಚಾಂಗ ನೋಡಿ ತಾರಣ ಸಂವತ್ಸರದ ಚೈತ್ರ ಬಹುಳದ ತಿಥಿಯನ್ನು ಗೊತ್ತುಮಾಡಿಕೊಟ್ಟರು. ಈಗ ಚೈತ್ರದಲ್ಲಿ ಶ್ರಾದ್ಧ ನಡೆಯುತ್ತದೆ. ಘಾತ ಚತುರ್ದಶಿಯ ಎಡೆಯನ್ನೂ ನಾವು ಬಿಟ್ಟಿಲ್ಲ, ಅದು ಅಜ್ಜಿ ಇಟ್ಟುಕೊಂಡು ಬಂದದ್ದು.