ಅನಾಫಿಲಾಕ್ಸಿಸ್ ಡ್ರಿಲ್: ಸಣ್ಣ ನರ್ಸಿಂಗ್ ಹೋಮಿನಲ್ಲಿ ಮಾಡುವುದು ಹೇಗೆ

ಆ್ಯಂಟಿಬಯಾಟಿಕ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಮೈಮೇಲೆ ದದ್ದು, ಎದೆಯಲ್ಲಿ ಸುಯ್ಯೆನ್ನುವ ಸದ್ದು, ಬಿಪಿ ಕುಸಿತ. ಇದೇ ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಕುತ್ತಾಗುವ ತೀವ್ರ ಅಲರ್ಜಿ. ಇಂಥ ಪ್ರಸಂಗ ಅಪರೂಪ, ಹಾಗಾಗಿಯೇ ಕೈಗೆ ರೂಢಿ ಇರುವುದಿಲ್ಲ. ಮುಂಬಯಿ ಸುತ್ತಿನ ಮಾಟುಂಗ, ಡೊಂಬಿವಲಿ ಕಡೆಯ ನರ್ಸಿಂಗ್ ಹೋಮ್‌ಗಳಲ್ಲಿ ದುಡಿಯುವ ನಮ್ಮ ಕನ್ನಡದವರು ದುಬಾರಿ ತರಬೇತಿ ಗೊಂಬೆ ಇಲ್ಲದೆಯೂ ಇದನ್ನು ಅಭ್ಯಾಸ ಮಾಡಬಹುದು.

ಒಬ್ಬರು ರೋಗಿಯಾಗಿ ಮಲಗಲಿ, ಒಬ್ಬರು ಸ್ಟಾಪ್‌ವಾಚ್ ಹಿಡಿದು ಬಿಪಿ, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ) ಓದಿ ಹೇಳಲಿ: ‘70/40, 86’. ಸೂಜಿ ಚುಚ್ಚುವುದು ಪಕ್ಕದಲ್ಲಿಟ್ಟ ದಪ್ಪ ಸ್ಪಂಜಿಗೆ, ರೋಗಿಯಾದವರಿಗಲ್ಲ. ಆಂಪ್ಯೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ), ಸಿರಿಂಜ್‌ಗಳ ಮೇಲೆ ‘ಡ್ರಿಲ್‌ಗೆ ಮಾತ್ರ’ ಎಂದು ಕೆಂಪು ಚೀಟಿ ಅಂಟಿಸಿ.

ಮೊದಲು ಡ್ರಿಪ್ಪಿನಲ್ಲಿ ಹೋಗುತ್ತಿರುವ ಔಷಧಿ ನಿಲ್ಲಿಸಬೇಕು, ಸಹಾಯಕ್ಕೆ ಕೂಗಬೇಕು. ಕೂಡಲೇ ಅಡ್ರಿನಲಿನ್: ಒಂದು ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪ್ಯೂಲಿನಿಂದ ದೊಡ್ಡವರಿಗೆ 0.5 ಮಿ.ಲೀ., ತೊಡೆಯ ನಡುಭಾಗದ ಹೊರಮಗ್ಗುಲಿನ ಸ್ನಾಯುವಿಗೆ. 6ರಿಂದ 12 ವರ್ಷದವರಿಗೆ 0.3 ಮಿ.ಲೀ. ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೊಮ್ಮೆ. ಜೊತೆಗೆ ಹೈ ಫ್ಲೋ ಆಕ್ಸಿಜನ್, ಬಿಪಿ ಬಿದ್ದಿದ್ದರೆ ವೇಗವಾಗಿ ಸಲೈನ್.

ಎಡವುವುದು ಹೆಚ್ಚಾಗಿ ಇಲ್ಲೇ. ಕೈ ನೇರ ಅವಿಲ್ (ಅಲರ್ಜಿಯ ಔಷಧಿ), ಹೈಡ್ರೊಕಾರ್ಟಿಸೋನ್ (ಸ್ಟೀರಾಯ್ಡ್) ಕಡೆ ಹೋಗುತ್ತದೆ. ಅವಿಲ್ ತುರಿಕೆಗೆ ಸರಿ, ಆದರೆ ಕಟ್ಟಿದ ಉಸಿರನ್ನು, ಕುಸಿದ ಬಿಪಿಯನ್ನು ಇವೆರಡೂ ಕೂಡಲೇ ಎತ್ತುವುದಿಲ್ಲ. ಆದ್ದರಿಂದ ಅಡ್ರಿನಲಿನ್ ಬೀಳುವ ತನಕ ವಾಚ್ ಹಿಡಿದವರು ಅಂಕಿಗಳನ್ನು ಒಂದಿಷ್ಟೂ ಸುಧಾರಿಸಕೂಡದು. ಅವಿಲ್ ಕೊಟ್ಟರೆ ಇನ್ನಷ್ಟು ಇಳಿಸಿ. ಇನ್ನೊಂದು ದೊಡ್ಡ ಅಪಾಯ, ಅದೇ 0.5 ಮಿ.ಲೀ.ಯನ್ನು ನೇರ ರಕ್ತನಾಳಕ್ಕೆ ಕೊಟ್ಟುಬಿಡುವುದು. ಹೃದಯದ ಬಡಿತವೇ ತಾಳತಪ್ಪೀತು. ರೋಗಿಯನ್ನು ಎಬ್ಬಿಸಿ ನಡೆಸುವುದೂ ಬೇಡ. ಮಲಗಿಸಿ ಕಾಲು ಎತ್ತಿಡಿ. ಉಸಿರಿಗೆ ತೀರಾ ಕಷ್ಟವಿದ್ದರೆ ಒರಗಿಸಿ ಕೂರಿಸಿ. ಬಸುರಿಯನ್ನು ಎಡಮಗ್ಗುಲಿಗೆ ಮಲಗಿಸಿ.

ಮುಂಬಯಿಯಲ್ಲಿ ಡಾಕ್ಟರು ಮರಾಠಿ, ವಾರ್ಡ್‌ಬಾಯ್ ಹಿಂದಿ, ಸಿಸ್ಟರ್ ಕನ್ನಡ. ಗಡಿಬಿಡಿಯಲ್ಲಿ ಎಲ್ಲರ ಬಾಯಲ್ಲೂ ತಂತಮ್ಮ ಭಾಷೆಯೇ ಬರುತ್ತದೆ. ಆದೇಶ ಯಾವ ಭಾಷೆಯಲ್ಲೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಹೆಸರು ಹಿಡಿದು ಹೇಳಿ. ಕೇಳಿದವರು ಔಷಧಿ, ಅಳತೆ ಎರಡನ್ನೂ ತಿರುಗಿ ಹೇಳಲಿ. ಕೊಟ್ಟಮೇಲೆ ‘ಕೊಟ್ಟಾಯ್ತು’ ಎನ್ನಲಿ.

108ಕ್ಕೆ ಕರೆ ಮಾಡುವುದೂ ಡ್ರಿಲ್ಲಿನ ಭಾಗವೇ. ನಂಬರ್ ಒತ್ತದೆ, ವಿಳಾಸ, ಹತ್ತಿರದ ಗುರುತು ಎರಡನ್ನೂ ಜೋರಾಗಿ ಹೇಳಿಸಿ. ಹಳೇ ಕಟ್ಟಡವಾದರೆ ಸ್ಟ್ರೆಚರ್ ಲಿಫ್ಟಿನೊಳಗೆ ಹಿಡಿಯುತ್ತದೆಯೇ ಎಂದು ಒಮ್ಮೆ ತಳ್ಳಿ ನೋಡಲೇಬೇಕು.

ಮುಗಿದ ಮೇಲೆ ಕೂತು ಮಾತಾಡಿ: ಗುರುತಿಸಿದ್ದಕ್ಕೂ ಸೂಜಿ ಚುಚ್ಚಿದ್ದಕ್ಕೂ ನಡುವೆ ಎಷ್ಟು ಸೆಕೆಂಡು, ತಡವಾದದ್ದು ಎಲ್ಲಿ? ಯಾರನ್ನೂ ಗದರಿಸಬೇಡಿ, ಗದರಿಸಿದರೆ ಮುಂದಿನ ಸಲ ತಪ್ಪು ಮುಚ್ಚಿಡುತ್ತಾರೆ. ಕೊನೆಗೆ ಕೆಂಪು ಚೀಟಿಯ ಆಂಪ್ಯೂಲ್‌ಗಳನ್ನು ಎಣಿಸಿ ಬೇರೆ ಡಬ್ಬಿಗೆ ಹಾಕಿ, ಟ್ರಾಲಿಯಲ್ಲಿರುವ ನಿಜವಾದ ಅಡ್ರಿನಲಿನ್‌ನ ಎಕ್ಸ್‌ಪೈರಿ ನೋಡಿಡಿ.